ಹಳೇ ಮಾಲಿನ ಹುಳ ಮತ್ತು ಹೊಸ ಪ್ರೊಸೆಸರ್

ಅರಿಷಿಣದ ಕೊಂಬು ಮುರಿಯುವ ಸದ್ದು ಕೇಳಿಯೇ ಅದರ ಒಳಗಿನ ಬಣ್ಣ ಹೇಳುವ ಮನುಷ್ಯ ನಾನು! ಸಾಂಗಲಿಯ ಪೇಟೆಯಲ್ಲಿ ಮೂವತ್ತು ವರ್ಷದಿಂದ ಈ ಗುರುಸಿದ್ಧಪ್ಪನ ಕಿವಿಗೆ ಮೋಸ ಮಾಡಿದ ಮಾಲು ಹುಟ್ಟಿಲ್ಲ. ಇಂಥವನಿಗೆ ಒಂದು ಬಿಸ್ಕತ್ತಿನಷ್ಟಿರುವ ಪ್ರೊಸೆಸರ್ ಆರಿಸುವುದು ಯಾವ ಮಹಾ ಕೆಲಸ? ಹಾಗೆಂದುಕೊಂಡೇ ಕಂಪ್ಯೂಟರ್ ಅಂಗಡಿಯ ಮೆಟ್ಟಿಲು ಹತ್ತಿದೆ.

ಪ್ರೊಸೆಸರ್ ಬೇಕಾಗಿದ್ದುದು ನನ್ನ ಮಗ ಸೌರಭನಿಗೆ. ಅವನು ಹಗಲೆಲ್ಲ ಕುಪವಾಡದ ಕೈಗಾರಿಕಾ ಪ್ರದೇಶ ಎಂಐಡಿಸಿಯ ಒಂದು ವರ್ಕ್‌ಶಾಪಿನಲ್ಲಿ ದುಡಿಯುತ್ತಾನೆ. ಸಂಜೆ ಏಳಕ್ಕೆ ಕೋಣೆ ಸೇರಿ ಕಂಪ್ಯೂಟರಿನಲ್ಲಿ ಬಂದೂಕಿನ ಆಟ ಆಡುತ್ತ, ಅದನ್ನು ಇಂಟರ್ನೆಟ್ಟಿನಲ್ಲಿ ಲೈವ್ ಆಗಿ ಜನರಿಗೆ ತೋರಿಸುತ್ತಾನೆ. ಜನ ಎಂದರೆ ಹನ್ನೊಂದು ಜನ. ಅವರೊಡನೆ ಮರಾಠಿಯಲ್ಲಿ ನಗುತ್ತ ಹರಟೆ ಹೊಡೆಯುತ್ತಾನೆ. ನನ್ನ ಪಾಲಿಗೆ ದಿನಕ್ಕೆ ಮೂರೇ ಮಾತು: ಹೂಂ, ಆತು, ಉಂಡೆ.

ನನ್ನ ಹೆಂಡತಿ ಮಂಗಲಾ ಹೋಗಿ ಹದಿನಾಲ್ಕು ತಿಂಗಳಾಯಿತು. ಒಂದು ಬೆಳಗ್ಗೆ ಹಿಟ್ಟು ನಾದುತ್ತಿದ್ದವಳು ಎದೆ ಹಿಡಿದುಕೊಂಡು ಕುಳಿತಳು, ಮತ್ತೆ ಏಳಲಿಲ್ಲ. ಮೀರಜಿನ ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಅವಳಿದ್ದಾಗ ನಾನೂ ಮಗನೂ ಚೆನ್ನಾಗಿ ಮಾತಾಡಿಕೊಂಡಿದ್ದೇವೆ ಎಂದೇ ನಂಬಿದ್ದೆ. ಹೋದ ಮೇಲೆ ತಿಳಿಯಿತು: ಅವನು ಅವಳಿಗೆ ಹೇಳುತ್ತಿದ್ದ, ಅವಳು ನನಗೆ ಹೇಳುತ್ತಿದ್ದಳು. ನಡುವಿನ ದಲಾಲಿ ಅಂಗಡಿ ಮುಚ್ಚಿದ ಮೇಲೆ ಮಾರುವವನೂ ಕೊಳ್ಳುವವನೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತುಬಿಟ್ಟಿದ್ದೆವು.

ಒಂದು ಸಂಜೆ ಊಟದ ತಾಟು ಹಿಡಿದು ಅವನ ಬಾಗಿಲ ಹೊರಗೆ ನಿಂತಿದ್ದಾಗ, ಅವನು ಆ ಹನ್ನೊಂದು ಜನರಿಗೆ ಹೇಳುವುದು ಕೇಳಿಸಿತು. ವಿಡಿಯೋ ನಡುನಡುವೆ ನಿಲ್ಲುತ್ತಿದೆ, ಪ್ರೊಸೆಸರ್ ಹಳೆಯದಾಗಿದೆ, ಏನು ಮಾಡೋದು ಎಂದು. ನನ್ನ ಕಿವಿ ನೆಟ್ಟಗಾಯಿತು. ಎಂಟು ದಿನಕ್ಕೆ ಅವನ ಹುಟ್ಟುಹಬ್ಬ. ಸಾಂಗಲಿ ಜಿಲ್ಲೆಯಲ್ಲೇ ಇಲ್ಲದಂಥ ಪ್ರೊಸೆಸರ್ ತಂದು ಮುಂದಿಟ್ಟರೆ ನಾಲ್ಕನೆಯ ಮಾತು ಆಡಲೇಬೇಕಲ್ಲ!

ಕಂಪ್ಯೂಟರ್ ಅಂಗಡಿಯ ನಿಲೇಶ ಮೀರಜಿನ ಹತ್ತಿರದ ಆರಗದವನು, ಕನ್ನಡ ಬಲ್ಲವನು. ಆಟ ಆಡುವುದಕ್ಕಷ್ಟೇ ಆದರೆ ಪ್ರೊಸೆಸರಿಗೆ ವೇಗವಿದ್ದರೆ ಸಾಕು. ಆಡುತ್ತಲೇ ಅದನ್ನು ಲೈವ್ ತೋರಿಸಬೇಕಾದರೆ ಕೋರ್ ಜಾಸ್ತಿ ಬೇಕು ಎಂದ. ಕೋರ್ ಎಂದರೆ ಕೈ ಇದ್ದ ಹಾಗೆ ಎಂದು ಬಿಡಿಸಿ ಹೇಳಿದ. ನನಗೆ ತಟ್ಟನೆ ಅರ್ಥವಾಯಿತು. ಮಂಗಲಾ ಒಂದು ಕೈಯಿಂದ ರೊಟ್ಟಿ ಬಡಿಯುತ್ತ, ಇನ್ನೊಂದರಿಂದ ಒಲೆ ಸಣ್ಣ ಮಾಡುತ್ತ, ಕಣ್ಣನ್ನು ಹಾಲಿನ ಮೇಲಿಟ್ಟು, ಬಾಯಲ್ಲಿ ನನ್ನನ್ನು ಬೈಯುತ್ತಿದ್ದಳು. ಒಂದೂ ಕೆಲಸ ನಿಲ್ಲುತ್ತಿರಲಿಲ್ಲ. ಅಂಥದ್ದು ಕೊಡು ಎನ್ನಬೇಕೆಂದಿದ್ದೆ, ಎನ್ನಲಿಲ್ಲ. ಎಂಟು ಕೋರಿನದು ತೋರಿಸು ಎಂದೆ.

ಡಬ್ಬಿ ಒಡೆಸಿದೆ. ಮಾಲನ್ನು ಬೆಳಕಿಗೆ ಹಿಡಿದೆ, ಉಗುರಿನಿಂದ ತಟ್ಟಿ ಕಿವಿಗೆ ಹಿಡಿದೆ. ನಾನೆಲ್ಲಿ ಮುರಿದು ನೋಡುತ್ತೇನೋ ಎಂದು ಹೆದರಿ ನಿಲೇಶ ಕೈ ಅಡ್ಡ ಹಾಕಿ ಕಸಿದುಕೊಂಡ. ಆಮೇಲೆ ತಿಳಿದದ್ದು, ಈ ಪ್ರೊಸೆಸರ್ ನಮ್ಮ ಹಳೇ ಕಂಪ್ಯೂಟರಿನ ಬೋರ್ಡಿನಲ್ಲಿ ಕೂರುವುದೇ ಇಲ್ಲ! ಹೊಸ ಬೋರ್ಡ್ ಬೇಕು. ಹೊಸ ಬೋರ್ಡಿಗೆ ಹಳೇ ಮೆಮೊರಿ ಆಗುವುದಿಲ್ಲ. ಇಷ್ಟೆಲ್ಲದರ ಬಿಸಿಗೆ ಕಂಪ್ಯೂಟರಿನ ಹಳೇ ಡಬ್ಬ ಸಾಲುವುದಿಲ್ಲ. ಬೀಗರಲ್ಲಿ ಒಬ್ಬನನ್ನು ಊಟಕ್ಕೆ ಕರೆದರೆ ಇಡೀ ದಿಬ್ಬಣ ಬಂದು ಪಂಕ್ತಿಗೆ ಕುಳಿತಂತಾಯಿತು. ಆಗಲಿ ಎಂದೆ. ಪ್ರೊಸೆಸರಿನ ನೆತ್ತಿಗೆ ಅದೇನೋ ಬಿಳಿ ಪೇಸ್ಟ್ ಹಚ್ಚಬೇಕಂತೆ. ಹಚ್ಚುವುದೇ ಆದರೆ ಮೂರು ಎಳೆಯಾಗಿ ಹಚ್ಚು ಎಂದೆ. ನಿಲೇಶ ನಗದೆ, ವಿಭೂತಿಯ ಹಾಗೆ ಮೂರು ಎಳೆ ಎಳೆದ. ಪ್ರೊಸೆಸರಿಗೂ ದೀಕ್ಷೆಯಾಯಿತು!

ಹುಟ್ಟುಹಬ್ಬದ ದಿನ ಸೌರಭ ಕೆಲಸಕ್ಕೆ ಹೋದದ್ದೇ ತಡ, ಹಳೇ ಕಂಪ್ಯೂಟರನ್ನು ಅರಿಷಿಣ ಚೀಲದ ಹಗ್ಗದಿಂದ ಸ್ಕೂಟರಿಗೆ ಬಿಗಿದು ಅಂಗಡಿಗೆ ಒಯ್ದೆ, ಎಕ್ಸ್‌ಚೇಂಜಿಗೆ. ನಿಲೇಶ ಕೇಳಿದ:

"ಕಾಕಾ, ಇದರ ಡಿಸ್ಕ್ ತಗದು ಹೊಸಾದಕ್ಕ ಹಚ್ಚಲೇನ್ರಿ? ಒಳಗ ಏನರ ಇಟ್ಟಿರಬೇಕು."

ಇಲ್ಲಿ ನಮ್ಮ ಪೇಟೆಯ ಒಂದು ನಿಯಮ ಹೇಳಬೇಕು. ಹಳೇ ಮಾಲು ಪೂರ್ತಿ ಹೊರಬೀಳದೆ ಹೊಸ ಮಾಲನ್ನು ಗೋದಾಮಿಗೆ ಬಿಡುವುದಿಲ್ಲ. ಒಂದು ಹಳೇ ಚೀಲ ಮೂಲೆಯಲ್ಲಿ ಉಳಿದರೂ ಅದರ ಹುಳ ಹೊಸದಕ್ಕೆಲ್ಲ ಹತ್ತುತ್ತದೆ. ನಮ್ಮಪ್ಪ ನೆಲ ಗುಡಿಸಿ, ಬೇವಿನೆಲೆಯ ಹೊಗೆ ಹಾಕಿಯೇ ಹೊಸ ಚೀಲ ಇಳಿಸುತ್ತಿದ್ದ. ನಾನು ಮೀಸೆಯ ಮೇಲೆ ಕೈ ಎಳೆದುಕೊಂಡು ಹೇಳಿದೆ:

"ಹಳೇದರ ಹುಳಾ ಹೊಸಾದಕ್ಕ ಹತ್ತೂದು ಬ್ಯಾಡ. ಎಲ್ಲಾ ನೀನ ಇಟಗೋ. ಅದರಾಗ ಧೂಳ ಬಿಟ್ಟರ ಏನೈತಿ?"

ಸಂಜೆ ಮಗ ಬಂದ. ಮೇಜಿನ ಮೇಲೆ ಹೊಸ ಕಂಪ್ಯೂಟರ್, ಅದಕ್ಕೆ ವಿಭೂತಿ, ಚೆಂಡುಹೂವಿನ ಮಾಲೆ. ನೋಡಿ ನಕ್ಕ. ಹದಿನಾಲ್ಕು ತಿಂಗಳಲ್ಲಿ ನನ್ನನ್ನು ನೋಡಿ ನಕ್ಕದ್ದು ಅದೇ ಮೊದಲು. ಬಗ್ಗಿ ಕಾಲು ಮುಟ್ಟಿದ. ನನ್ನೆದೆ ಅರಿಷಿಣ ಚೀಲದ ಹಾಗೆ ಉಬ್ಬಿತು. ಆಮೇಲೆ ಅವನು ಮೇಜಿನ ಕೆಳಗೆ ನೋಡಿದ, ಕಪಾಟಿನ ಹಿಂದೆ ನೋಡಿದ, ಹಳೆಯದು ಎಲ್ಲಿ ಎಂದು ಕೇಳಿದ. ಕೊಟ್ಟುಬಿಟ್ಟೆ, ಡಿಸ್ಕಿನ ಸಮೇತ ಎಂದೆ, ಇನ್ನೂ ಮೀಸೆ ತಿರುವುತ್ತಲೇ.

ಅವನು ನೆಲದ ಮೇಲೆ ಕುಳಿತುಬಿಟ್ಟ.

"ಅಪ್ಪಾ, ಅದರಾಗ ಅವ್ವನ ಧ್ವನಿ ಇತ್ತು."

ಆಮೇಲೆ ಅವನು ಆಡಿದ ಮಾತು ಹದಿನಾಲ್ಕು ತಿಂಗಳ ಮಾತಿಗಿಂತ ಹೆಚ್ಚು. ಮೂರು ವರ್ಷ ಆಡಿದ ಪ್ರತಿ ಆಟವನ್ನೂ ಅದರಲ್ಲಿ ರೆಕಾರ್ಡ್ ಮಾಡಿ ಇಟ್ಟಿದ್ದನಂತೆ. ಬಂದೂಕಿನ ಸದ್ದಿನ ನಡುವೆ ಬಾಗಿಲು ತೆಗೆದು ಅವಳು ಊಟಕ್ಕೆ ಕರೆಯುತ್ತಿದ್ದಳು. ನೋಡುವವರು ನಗುತ್ತಿದ್ದರು, ಇವನು ನಾಚಿಕೆಯಿಂದ ಅವಳ ಮೇಲೆ ರೇಗುತ್ತಿದ್ದ. ಈಗ ದಿನಾ ಸಂಜೆ ಆಟ ಮುಗಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಅವಳು ಕರೆಯುವುದನ್ನು ಒಂದು ಸಲ ಕೇಳಿ, ಆಮೇಲೆ ಊಟಕ್ಕೆ ಏಳುತ್ತಿದ್ದ. ನಾನೋ, ಆಟ ಮುಗಿದರೂ ಏಳುವುದಿಲ್ಲ, ಅಪ್ಪ ಕಾಯುತ್ತಾನೆಂಬ ಖಬರೇ ಇಲ್ಲ ಎಂದು ಹೊರಗೆ ತಾಟು ಕುಟ್ಟುತ್ತಿದ್ದೆ. ಅವಳಿಗೆ ಫೋಟೋ ಎಂದರೆ ಆಗುತ್ತಿತ್ತು, ಮಾತು ರೆಕಾರ್ಡ್ ಮಾಡುವುದೆಂದರೆ ಆಗುತ್ತಿರಲಿಲ್ಲ. ಲೈವ್ ತೋರಿಸಿದ್ದು ಇಂಟರ್ನೆಟ್ಟಿನಲ್ಲಿ ಉಳಿಯುತ್ತಿರಲಿಲ್ಲವಂತೆ. ಅವಳ ದನಿ ಈ ಲೋಕದಲ್ಲಿ ಉಳಿದಿದ್ದುದು ಅದೊಂದೇ ಕಡೆ.

ಇಬ್ಬರೂ ಒಂದೇ ಸ್ಕೂಟರಿನಲ್ಲಿ ಅಂಗಡಿಗೆ ಓಡಿದೆವು. ಬಂದ ಮಾಲನ್ನು ಮೊದಲು ಒರೆಸಿ ಚೊಕ್ಕ ಮಾಡುವುದು ನಿಲೇಶನ ಪದ್ಧತಿ, ಡಿಸ್ಕಿನಲ್ಲಿದ್ದುದನ್ನೆಲ್ಲ ಮಧ್ಯಾಹ್ನವೇ ಒರೆಸಿ ಅಳಿಸಿದ್ದ. ನಮ್ಮೆದುರೇ ಏನೇನೋ ಹಚ್ಚಿ ಗಂಟೆಗಟ್ಟಲೆ ಹುಡುಕಿದ. ಈಗಿನ ಡಿಸ್ಕ್ ಹೀಗೆ ಒರೆಸಿದರೆ ಮರಳಿ ಸಿಗುವುದಿಲ್ಲ ಎಂದ. ಕೊನೆಗೆ ತಲೆ ತಗ್ಗಿಸಿ, "ಕಾಕಾ, ನಾ ಕೇಳಿದ್ದೆ" ಎಂದ. ಜೋರಾಗಿಯೂ ಹೇಳಲಿಲ್ಲ. ನಾನು ಗೋದಾಮು ಗುಡಿಸಿ ಬಂದಿದ್ದೆ, ಅವಳನ್ನೂ ಸೇರಿಸಿ ಗುಡಿಸಿದ್ದೆ.

ಮೂರು ದಿನ ಮನೆಯಲ್ಲಿ ಆ ಮೂರು ಮಾತೂ ಇರಲಿಲ್ಲ. ಮಗ ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ. ನಾಲ್ಕನೆಯ ಸಂಜೆ ಅವನ ಕೋಣೆಯಿಂದ ಮತ್ತೆ ಬಂದೂಕಿನ ಸದ್ದು ಬಂತು. ಹೊಸ ಪ್ರೊಸೆಸರ್ ಎಲ್ಲೂ ನಿಲ್ಲುತ್ತಿರಲಿಲ್ಲ, ನೀರಿನ ಹಾಗೆ ಓಡುತ್ತಿತ್ತು. ನಾನು ಬಡಿದ ಸೊಟ್ಟ ರೊಟ್ಟಿಗಳು ಬುಟ್ಟಿಯಲ್ಲಿ ಆರುತ್ತಿದ್ದವು. ಇನ್ನು ಅವನನ್ನು ಊಟಕ್ಕೆ ಕರೆಯುವವರು ಯಾರೂ ಇಲ್ಲ ಎಂಬುದು ಆಗ ಹೊಳೆಯಿತು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಬಾಗಿಲು ತಳ್ಳಿ ಮಂಗಲಾ ಕರೆಯುತ್ತಿದ್ದ ಮಾತನ್ನೇ ಕೂಗಿಬಿಟ್ಟಿದ್ದೆ:

"ಸೌರ್ಯಾ, ರೊಟ್ಟಿ ಆರಾಕತ್ತಾವ, ಏಳ!"

ಒಡಕು ಗಂಟಲು, ಅದೂ ಲೈವ್‌ನಲ್ಲಿ! ಆಟದೊಳಗೆ ಅವನ ಸಿಪಾಯಿ ಗುಂಡು ತಿಂದು ಬಿದ್ದ. ಸೌರಭ ತಿರುಗಿ ನನ್ನನ್ನೇ ನೋಡಿದ. ನಾನು ಬಾಯಿ ಮುಚ್ಚಿಕೊಂಡು ಅಡಿಗೆಮನೆಗೆ ಓಡಿದೆ.

ಸ್ವಲ್ಪ ಹೊತ್ತಿಗೆ ಅವನೇ ಬಂದು ತಾಟಿನ ಮುಂದೆ ಕುಳಿತ. ನನ್ನ ಕೂಗು ರೆಕಾರ್ಡ್ ಆಗಿದ್ದರೆ ಅಳಿಸಿಬಿಡು, ಅದನ್ನು ಕೇಳಿ ಜನ ನಗುತ್ತಾರೆ ಎಂದೆ. ಅವನು ರೊಟ್ಟಿ ಮುರಿದು, ಅದ್ದಿ, ನಿಧಾನವಾಗಿ ತಿಂದ. ಕಣ್ಣು ಮೇಲೆತ್ತಲಿಲ್ಲ.

"ಅಳಸಂಗಿಲ್ಲ, ಇರ್ಲಿ. ಈ ಸಲ ಎರಡು ಕಡೆ ಇಟ್ಟೇನಿ, ಅಪ್ಪಾ. ಒಂದು ನಿಮಗ ಗೊತ್ತಿಲ್ಲದ ಜಾಗಾದಾಗ."