ಮುಷ್ಟಿ ಬೇದಾಣಿ, ನಾಕು ವರ್ಷದ ಡಿಗ್ರಿ

ಓಣ್ಯಾಗ ಒಬ್ಬಾಕಿ ಆಹಾರ ಸಂಸ್ಕರಣೆ ಕಲ್ತು ಡಿಗ್ರಿ ತಗೊಂಡು ಬಂದಳಂದ್ರ ಮುಗೀತು, ನಗು ತರೂ ಪ್ರಸಂಗ ತಾವಾಗೇ ಮನಿ ಹುಡಿಕ್ಕೊಂಡು ಬರ್ತಾವು. ಆ ಒಬ್ಬಾಕಿ ನಾನೇ.

ನಮ್ಮ ಅಪ್ಪಾರದು ಸಾಂಗಲಿ ಪ್ಯಾಟ್ಯಾಗ ಬೇದಾಣಿ ವ್ಯಾಪಾರ, ಅಂದ್ರ ಒಣದ್ರಾಕ್ಷಿ. ಗಾದಿ ಮ್ಯಾಲ ಕುಂತ್ರ ಅವರ ತಲಿ ಹಿಂದ ಅಜ್ಜನ ಕಾಲದ ಬೋರ್ಡು: ‘ಕೊಟ್ಟ ಮಾಲು ವಾಪಸ್ ತಗೊಳ್ಳುವುದಿಲ್ಲ.’ ಅಂಗಡಿ ಹಿಂದ ಒಂದು ಗುದಾಮು ಖಾಲಿ ಬಿದ್ದಿತ್ತು. ಅಲ್ಲೇ ಬೇದಾಣಿ ತೊಳೆದು, ಆರಿಸಿ, ಪಾಕೀಟು ಮಾಡಿ ಮಾರಬೇಕಂತ ನನ್ನ ಆಸೆ. ಅದಕ್ಕಂತ ಮಾಲಿನ್ಯಾಗ ತೇವ ಎಷ್ಟೈತಿ ಅಂತ ತೋರಿಸೋ ಸಣ್ಣ ಮಷಿನ್ನೊಂದು ಆಗಲೇ ತಂದು ಅಂಗಡ್ಯಾಗ ಇಟ್ಟಿದ್ದೆ. ಅಪ್ಪಾರದು ಒಂದೇ ಮಾತು: “ನಾಕು ವರ್ಷ ಫೀ ತುಂಬೇನಿ. ಆ ಕಾಗದಕ್ಕ ಕಿಮ್ಮತ್ತು ಐತಿ ಅಂತ ದೀಪಾವಳಿಯೊಳಗ ತೋರಿಸು, ಗುದಾಮಿನ ಕೀಲಿ ನಿಂದು. ಇಲ್ಲಂದ್ರ ನೆಲಕ್ಕ ಹಾಸೋ ಫರಶಿ ಕಲ್ಲಿನ ವ್ಯಾಪಾರಿಗೆ ಬಾಡಿಗಿ ಕೊಡ್ತೇನಿ.”

ಆ ಫರಶಿ ವ್ಯಾಪಾರಿ ಬಲು ಉತ್ಸಾಹಿ. ವಾರಕ್ಕೊಮ್ಮೆ ಟೇಪು ಹಿಡ್ಕೊಂಡು ಬಂದು ಗುದಾಮು ಅಳೀತಿದ್ದ. ಹಿಂದಿನ ವಾರಕ್ಕಿಂತ ಅದೇನು ಬೆಳೀತಿತ್ತೋ ದೇವರಿಗೇ ಗೊತ್ತು.

೧. ಪುಕ್ಕಟೆ ನಮೂನಿ

ಬೇದಾಣಿ ಲಿಲಾವಿನ್ಯಾಗ, ಅಂದ್ರ ಹರಾಜಿನ್ಯಾಗ, ಒಂದು ರೂಢಿ ಐತಿ. ಬಂದವರು ಎಲ್ಲಾರೂ ಒಂದು ಮುಷ್ಟಿ ತಗೊಂಡು ಬಾಯಾಗ ಹಾಕ್ಕೋತಾರ, ಆಮ್ಯಾಲ ತಗೊಳ್ಳೋದು ಬಿಡೋದು. ಓಣಿ ಮಂದಿ ನನ್ನ ಡಿಗ್ರಿನೂ ಹಂಗೇ ರುಚಿ ನೋಡಾಕ ಶುರು ಮಾಡಿದ್ರು.

ಒಂದಿನ ಬಾಜೂ ಮನಿ ಮಾವಶಿ ಉಪ್ಪಿನಕಾಯಿ ಭರಣಿ ತಂದ್ರು. “ಬೂಷ್ಟು ಬಂದೈತಿ, ಯಾಕಂತ ಹೇಳವಾ.”

ನಾ ಭರಣಿ ಬೆಳಕಿಗೆ ಹಿಡಿದು, ಮೂಸಿ ನೋಡಿ, ಹತ್ತು ನಿಮಿಷ ಭಾಷಣ ಮಾಡಿದೆ. ತೇವಾಂಶ ಅಂದೆ, ಶಿಲೀಂಧ್ರ ಅಂದೆ. ಕಡೀಕ, “ಹಸಿ ಚಮಚ ಹಾಕೀರಿ ಮಾವಶಿ, ಚೆಲ್ಲಿಬಿಡ್ರಿ,” ಅಂದೆ.

ಮಾವಶಿ ಗಲ್ಲಕ್ಕ ಕೈ ಹಚ್ಚಿದ್ರು. “ಅಯ್ಯ! ಇದನ್ನ ನಮ್ಮತ್ತಿ ಸಾಲಿ ಮೆಟ್ಟಲಾ ಹತ್ತಲಾರದೇ ಹೇಳ್ತಿದ್ರಲ್ಲ. ನಿಂಗ ನಾಕು ವರ್ಷ ಹತ್ತಿತೇನು?”

೨. ಕುಪವಾಡದ ಪಗಾರ

ಆಮ್ಯಾಲ ಕುಪವಾಡದ ಒಂದು ಚೂಡಾ, ಅಂದ್ರ ಒಗ್ಗರಣಿ ಅವಲಕ್ಕಿ, ಮಾಡೋ ಫ್ಯಾಕ್ಟರಿಯೊಳಗ ನೌಕರಿ ಸಿಕ್ತು. ಕೆಲಸ ಅಂದ್ರ ಮುಂಜಾನಿಂದ ಸಂಜೀತನಕ ಚೂಡಾದ ರುಚಿ ನೋಡೋದು. ಉಪ್ಪು ಸರಿ ಇದ್ರ ‘ಪಾಸ್’ ಅಂತ ಬರೀಬೇಕು, ಇಲ್ಲಂದ್ರ ‘ನಾಪಾಸ್’. ಅಪ್ಪಾರು ಪ್ಯಾಟ್ಯಾಗ ಸಾರಿಕೊಂಡು ಬಂದ್ರು: “ನನ್ನ ಮಗಳು ಚೂಡಾ ತಿಂದ್ರ ಪಗಾರ ಕೊಡ್ತಾರ್ರಿ. ನಾವು ಇಷ್ಟು ವರ್ಷ ರೊಕ್ಕ ಕೊಟ್ಟು ತಿಂದೇವಿ.”

ಆ ಪಗಾರದಾಗ ಬಸ್ಸಿನ ಪಾಸು ಬಂತು, ಎದಿ ಉರಿಗೆ ಗುಳಿಗಿ ಬಂತು, ಉಳಿದಿದ್ದು ನಾನೊಬ್ಬಾಕಿ. ಒಂದಿನ ದಣಿದು ಬಂದು ಊಟಕ್ಕ ಕುಂತೆ. ಅವ್ವ ಝುಣಕಾ ಬಡಿಸಿದಳು. ಒಂದು ತುತ್ತು ಬಾಯಾಗ ಇಟ್ಟು, ರೂಢಿ ನೋಡ್ರಿ, “ಉಪ್ಪು ಜಾಸ್ತಿ, ನಾಪಾಸ್,” ಅಂದುಬಿಟ್ಟೆ.

ಅವ್ವ ತಾಟು ಎತ್ತಿಕೊಂಡಳು. “ಹೋಗವಾ, ಪಾಸಾಗಿದ್ದನ್ನ ಕುಪವಾಡದಾಗ ಹೋಗಿ ತಿನ್ನು.”

೩. ನಾಳಿನ ಪೇಡೆ

ಆ ನೌಕರಿ ಬಿಟ್ಟೆ. ಅಷ್ಟರಾಗ ಮಿರಜದಿಂದ ನನ್ನ ನೋಡಾಕ ಬಂದ್ರು. ಹುಡುಗನ ಅಪ್ಪಂದು ಮಿಠಾಯಿ ಅಂಗಡಿ. ತಮ್ಮ ಅಂಗಡಿಯದೇ ಪೇಡೆ ಡಬ್ಬಿ ತಂದಿದ್ರು. ನಾ ಚಹಾ ಕೊಟ್ಟು, ನಮಸ್ಕಾರ ಮಾಡಿ, ಶಾಣ್ಯಾ ಹುಡುಗಿ ಹಂಗ ತಲಿ ಬಗ್ಗಿಸಿ ಕುಂತೆ. ತಲಿ ಬಗ್ಗಿಸಿದ್ದೇ ತಪ್ಪಾತು, ಕಣ್ಣು ಡಬ್ಬಿ ಮ್ಯಾಲಿನ ಲೇಬಲ್ಲಿಗೆ ಬಿತ್ತು. ತಯಾರಾದ ತಾರೀಖು ಮರುದಿನದ್ದು!

ಬಾಯಿ ತಡೀಲಿಲ್ಲ. “ಕಾಕಾ, ಈ ಪೇಡೆ ನೀವು ನಾಳೆ ಮಾಡಾವ್ರೇನ್ರಿ?”

ಹುಡುಗ ಪೇಡೆ ಕಚ್ಚಿದವ ಹಂಗೇ ಕುಂತ. ಅವರವ್ವ ಮರಾಠಿಯೊಳಗ “ಉಠಾ ಆತಾ” ಅಂದ್ರು. ಎದ್ದೇ ಬಿಟ್ರು, ಅರ್ಧ ಚಹಾ ಕಪ್ಪಿನ್ಯಾಗ. ಮೂರನೇ ದಿನ ಅಪ್ಪಾರು ಫರಶಿ ವ್ಯಾಪಾರಿಗೆ ಫೋನ್ ಹಚ್ಚಿದ್ರು. ಆವತ್ತು ಮಾತ್ರ ನಂಗ ಖರೇನ ಅಳು ಬಂತು.

ಎಂಟು ದಿನಕ್ಕ ಆ ಮಿಠಾಯಿ ಕಾಕಾ ಒಬ್ಬರೇ ಅಂಗಡಿಗೆ ಬಂದ್ರು. ನಾ ಗೋಣಿ ಚೀಲದ ಮರಿಗೆ ನಿಂತೆ.

“ಆಹಾರ ತಪಾಸಣೆಯವರು ಬಂದು ದಂಡ ಹಾಕಿ ಹೋದ್ರು,” ಅಂದ್ರು. “ನೀವು ಏನೂ ಅನ್ಕೋಬ್ಯಾಡ್ರಿ. ಸೊಸಿ ಅಂತ ಬ್ಯಾಡ. ನಮ್ಮ ಮಾಲು, ಲೇಬಲ್ಲು ನೋಡಾಕ ನಿಮ್ಮ ಮಗಳು ತಿಂಗಳಿಗೆ ಏನು ತಗೋತಾಳ?”

ಅಪ್ಪಾರು ನೆಟ್ಟಗ ಕುಂತ್ರು. ನನ್ನ ಡಿಗ್ರಿಗೆ ಒಂದು ಚಹಾದ ಕಿಮ್ಮತ್ತೂ ಕಟ್ಟದಿದ್ದ ಮನುಷ್ಯಾ, ಅರ್ಧ ತಾಸಿನ್ಯಾಗ ಮೂರು ಸಲ ದರ ಏರಿಸಿದ್ರು! ಕಾಕಾ ಕಡೀಕ ಚೀಲದಿಂದ ಬರ್ಫಿ ಡಬ್ಬಿ ತಗದು, “ಸುಮ್ಮ ಇದೊಂದು ನೋಡಲಿ,” ಅಂದ್ರು.

ಅಪ್ಪಾರು ಡಬ್ಬಿ ಮ್ಯಾಲ ಕೈ ಇಟ್ರು. “ನಮೂನಿ ಪುಕ್ಕಟೆ ಇಲ್ರಿ.”

೪. ಕೀಲಿ

ಕಾಕಾ ಹೋದಕೂಡ್ಲೆ ನಾ ಕೈ ಚಾಚಿದೆ, “ಕೀಲಿ ಕೊಡ್ರಿ.”

“ಅದು ಪೇಡೆ ಮಾತು,” ಅಂದ್ರು ಅಪ್ಪಾರು. “ಬೇದಾಣಿಗೆ ನನ್ನ ಮುಷ್ಟಿ ಐತಿ. ನಿನ್ನ ಮಷಿನ್ ಯಾಕ?”

ಮುಷ್ಟಿ ಮಾತು ಸುಳ್ಳಲ್ಲ. ಅಪ್ಪಾರು ಬೇದಾಣಿ ಹಿಡಿದು ಹಿಚುಕಿ ಕೈ ಬಿಚ್ಚಿದ್ರ, ಮಾಲು ಹಸಿಯೋ ಒಣಗೇತೋ ಅಂತ ಇಡೀ ಪ್ಯಾಟಿ ಅವರ ಮಾರಿ ನೋಡತೈತಿ.

ದೀಪಾವಳಿಗೆ ಎರಡು ದಿನ ಇತ್ತು. ಮಧ್ಯಾಹ್ನ ಅಪ್ಪಾರು ಲಿಲಾವು ಬಿಟ್ಟು ಅಂಗಡಿಗೆ ಬಂದ್ರು. ಆಚೀಚೆ ನೋಡಿ ಟೊಪ್ಪಿಗಿ ತಗದ್ರು, ಅದರಾಗ ಒಂದು ಮುಷ್ಟಿ ಬೇದಾಣಿ!

“ಯಾರ ಮುಂದೂ ಅನಬ್ಯಾಡ,” ಅಂತ ಪಿಸುಗುಟ್ಟಿದ್ರು. “ದೊಡ್ಡ ಮಾಲು ಐತಿ. ಮುಷ್ಟಿ ಹಸಿ ಅಂತೈತಿ, ರೈತ ಒಣಗೇತಿ ಅಂತಾನ. ನಿನ್ನ ಮಷಿನ್ ಏನಂತೈತಿ ನೋಡು.”

“ನಮೂನಿ ಪುಕ್ಕಟೆ ಇಲ್ರಿ ಅಪ್ಪಾ.”

ನನ್ನ ನೋಡಿದ್ರು, ಗಡಿಯಾರ ನೋಡಿದ್ರು. ಹೊರಗ ಲಿಲಾವಿನ ಕೂಗು ಕೇಳಾಕ ಹತ್ತಿತ್ತು. ಉಡದಾರದಿಂದ ಗುದಾಮಿನ ಕೀಲಿ ಬಿಚ್ಚಿ ನನ್ನ ಅಂಗೈಯಾಗ ಇಟ್ರು. ನಾ ಬೇದಾಣಿ ಮಷಿನ್ಯಾಗ ಹಾಕಿ ನೋಡಿದೆ. “ಹಸಿ ಐತ್ರಿ. ತಗೋಬ್ಯಾಡ್ರಿ.”

ಅಪ್ಪಾರ ಮಾರಿ ಅರಳಿತು, ಮರುಗಳಿಗಿ ಬಾಡಿತು.

“ಅಂದ್ರ ನನ್ನ ಮುಷ್ಟಿ ಹೇಳಿದ್ದೇ ಖರೇ ಆತಲ್ಲ! ಮತ್ತ ನಿನ್ನ ಡಿಗ್ರಿ ಹೊಸಾದೇನು ಹೇಳಿತು? ತಾ ಇಲ್ಲೆ ಕೀಲಿ!”

ನಾ ಕೀಲಿ ಸೆರಗಿಗೆ ಕಟ್ಟಿಕೊಂಡು, ಅವರ ತಲಿ ಹಿಂದಿನ ಅಜ್ಜನ ಕಾಲದ ಬೋರ್ಡಿಗೆ ಬಟ್ಟು ಮಾಡಿ ತೋರಿಸಿದೆ.