ಪೋರ್ಟ್ ಗ್ಲೋರಿಯಾದಲ್ಲಿ ಯಾರಿಗೂ ಕಾಯಿಲೆಯಿಲ್ಲ

ಪರಸ್ಥಳದವನ ಗಾಡಿ ನಮ್ಮೂರಿನ ರಾಜಬೀದಿಯ ಕೆಸರಿನಲ್ಲಿ ಹೂತುಕೊಂಡದ್ದು ದೊಡ್ಡ ಸುದ್ದಿಯೇನಲ್ಲ. ಬಂದ ಗಾಡಿಗಳೆಲ್ಲ ಹೂತುಕೊಳ್ಳುತ್ತಿದ್ದವು. ಆದರೆ ಇದು ಎಲ್ಕನಾ ಪ್ರೌಟಿಯ ಬಾಗಿಲ ಮುಂದೆಯೇ ಹೂತುಕೊಂಡಿತು, ಅದೂ ಅವನು ನಡುಗುವ ದಿನ.

ರಾಜಬೀದಿ ಇದ್ದದ್ದು ಮನೆ ಜಾಗ ಮಾರಲು ಕರ್ನಲ್ ಟಿಲ್ಸನ್ ಬರೆಸಿದ ನಕ್ಷೆಯಲ್ಲಿ. ಆ ನಕ್ಷೆಯ ಪ್ರಕಾರ ಪೋರ್ಟ್ ಗ್ಲೋರಿಯಾಕ್ಕೆ ಬಂದರು, ಕಾಲೇಜು, ಸಂಗೀತ ಮಂದಿರ ಎಲ್ಲವೂ ಇದ್ದವು. ನೆಲದ ಮೇಲೆ ಇದ್ದದ್ದು ಇಲಿನಾಯ್ ನದಿಯ ಜೌಗಿನಂಚಿಗೆ ನಾಲ್ಕಾರು ಮರದ ದಿಮ್ಮಿಯ ಮನೆಗಳು, ಯಾರ ಮಾತನ್ನೂ ಕೇಳದ ಹಂದಿಗಳು ಮತ್ತು ಚಳಿಜ್ವರ. ಈ ಚಳಿಜ್ವರಕ್ಕೆ ಬಹಳ ಶಿಸ್ತು. ದಿನ ಬಿಟ್ಟು ದಿನ, ಮಧ್ಯಾಹ್ನದ ಊಟಕ್ಕೆ ಕರೆದ ನೆಂಟನಂತೆ ಬರುತ್ತಿತ್ತು, ಸಂಜೆಗೆ ಹೊರಟುಹೋಗುತ್ತಿತ್ತು. ಅರ್ಧ ಊರು ಇವತ್ತು ನಡುಗಿದರೆ ಉಳಿದರ್ಧ ನಾಳೆ. ಮದುವೆ, ಸಭೆ, ಜಗಳ ಎಲ್ಲವನ್ನೂ ನಮ್ಮ ಹಿರಿಯರು ಅದನ್ನು ನೋಡಿಕೊಂಡೇ ಇಟ್ಟುಕೊಳ್ಳುತ್ತಿದ್ದರು. ಈ ಜಾಗ ಬಿಟ್ಟು ಎದ್ದು ಹೋಗೋಣ ಎಂದು ಮಾತ್ರ ಒಬ್ಬರಿಗೂ ಹೊಳೆಯಲಿಲ್ಲ. ನಾವೆಲ್ಲ ಆ ಬುದ್ಧಿವಂತರ ಮೊಮ್ಮಕ್ಕಳು.

ಎಲ್ಕನಾನ ಹೆಂಡತಿಗೆ ಮಾತ್ರ ಹೊಳೆದಿತ್ತು. "ಈ ಊರಿಗೊಬ್ಬ ಡಾಕ್ಟ್ರು ಬಂದ ದಿನ ಹೇಳಿ ಕಳಿಸಿ, ಬರ್ತೀನಿ" ಎಂದು ಹೇಳಿ ಅವಳು ವರ್ಮಾಂಟಿನ ತವರಿಗೆ ಹೋಗಿ ವರ್ಷವಾಗಿತ್ತು. ಎಲ್ಕನಾ ಒಂಟಿಯಾಗಿ ಬೇಯಿಸಿಕೊಂಡು, ಒಂಟಿಯಾಗಿ ನಡುಗುತ್ತ, ವೈದ್ಯನ ದಾರಿ ಕಾಯುತ್ತಿದ್ದ. ಇರುವ ವೈದ್ಯನ ಊರಿಗೆ ಎರಡು ದಿನದ ದಾರಿ. ದಿನ ಬಿಟ್ಟು ದಿನ ನಡುಗುವವನು ಎರಡು ದಿನದ ದಾರಿ ನಡೆಯುವುದು ಹೇಗೆ?

ಗಾಡಿ ಹೂತ ಸುದ್ದಿ ಕೇಳಿ ಕರ್ನಲ್ ಟಿಲ್ಸನ್ ಓಡಿ ಬಂದ. ಯಾವ ಸೈನ್ಯದ ಕರ್ನಲ್ ಎಂದು ಅವನನ್ನು ಯಾರೂ ಕೇಳಿರಲಿಲ್ಲ. ಆ ದಿನದ ರೋಗಿಗಳನ್ನೆಲ್ಲ ಅವನು ಆಗಲೇ ವಿಧವೆ ಹಲ್ಡಾಳ ಮನೆಯ ಅಟ್ಟಕ್ಕೆ ಹತ್ತಿಸಿದ್ದ. ಎಲ್ಕನಾನನ್ನು ಬಚ್ಚಿಡಲು ಆಗಲಿಲ್ಲ, ಅವನು ಆಗಲೇ ಬಂದವನ ಕೈಕುಲುಕಿಬಿಟ್ಟಿದ್ದ.

"ಅವನ ಕೋಟು ನೋಡಿದ್ಯಾ? ಒಳ್ಳೇ ಕುಳ!" ಎಂದು ಕರ್ನಲ್ ಎಲ್ಕನಾನ ಕಿವಿಯಲ್ಲಿ ಪಿಸುಗುಟ್ಟಿದ. "ಇಂಥವನು ಇಲ್ಲಿ ನಿಂತ ಅಂದ್ರೆ ಹಿಂದೆ ಹತ್ತು ಮನೆ ಬರ್ತವೆ. ಹತ್ತು ಮನೆ ಬಂದ್ರೆ ಡಾಕ್ಟ್ರು ತಾನಾಗೇ ಬರ್ತಾನೆ. ನಿನ್ನ ಹೆಂಡ್ತಿ ವಾಪಸ್ ಬರಬೇಕೋ ಬೇಡ್ವೋ?"

"ಬರಬೇಕು ಕರ್ನಲ್ ಸಾಹೇಬ್ರೆ. ಆದ್ರೆ ಇನ್ನೇನು ನನ್ನ ಹೊತ್ತಾಯ್ತು."

"ಇವತ್ತೊಂದು ದಿನ ನಡುಗಬೇಡ!"

"ಅದೇನು ನನ್ನ ಕೇಳ್ಕೊಂಡು ಬರುತ್ತಾ?"

ಹಲ್ಡಾ ತನ್ನ ಪಾಲಿನ ನಡುಕವನ್ನು ಹಿಂದಿನ ದಿನವೇ ಮುಗಿಸಿಕೊಂಡಿದ್ದಳು. "ಬರ್ಲಿ ಬಿಡಿ, ನಡುಗೋ ಕೈಗೊಂದು ಕೆಲಸ ಕೊಟ್ರಾಯ್ತು" ಎಂದು ಎಲ್ಕನಾನ ಕೈಗೆ ಜರಡಿ ಕೊಟ್ಟು, ಮೆಕ್ಕೆಜೋಳದ ಹಿಟ್ಟು ಸುರಿದಳು.

ಬಂದವನ ಹೆಸರು ಸ್ಕೋವಿಲ್. ಹಲ್ಡಾಳ ಮನೆಯಲ್ಲಿ ಕೂತು ಎಲ್ಲರ ಮುಖವನ್ನೂ ನೋಡುತ್ತಿದ್ದ. "ಇಲ್ಲಿ ಆರೋಗ್ಯ ಹೇಗೆ?" ಎಂದ.

"ಆರೋಗ್ಯವೇ?" ಕರ್ನಲ್ ನಕ್ಕ. "ಸ್ಮಶಾನಕ್ಕೆ ಅಂತ ಬಿಟ್ಟ ಜಾಗದಲ್ಲಿ ಕುಂಬಳಕಾಯಿ ಬೆಳೀತಿದೀವಿ ಸ್ವಾಮಿ!"

ಅಷ್ಟರಲ್ಲಿ ಎಲ್ಕನಾನಿಗೆ ಚಳಿ ಹಿಡಿಯಿತು. ಜರಡಿ ಹುಚ್ಚೆದ್ದು ಕುಣಿದು ಹಿಟ್ಟು ಕರ್ನಲ್‌ನ ಗಡ್ಡಕ್ಕೂ ಅತಿಥಿಯ ಕೋಟಿಗೂ ಮೆತ್ತಿಕೊಂಡಿತು. "ಕೆಲಸ ಅಂದ್ರೆ ಇವನಿಗೆ ಅಷ್ಟು ಉತ್ಸಾಹ" ಎಂದಳು ಹಲ್ಡಾ. ಊಟಕ್ಕೆ ಮುಂಚೆ ಎಲ್ಲರೂ ಕಣ್ಣುಮುಚ್ಚಿ ಪ್ರಾರ್ಥಿಸುವಾಗ ಮೇಜು ಗಡಗಡ ಅಲುಗಿ, ಹುರುಳಿಕಾಯಿ ತಟ್ಟೆಯಿಂದ ಹಾರಿದವು.

"ಪ್ರಾರ್ಥನೆಗೆ ಕೂತ್ರೆ ಇವನ ಮೈಮೇಲೆ ಪವಿತ್ರಾತ್ಮ ಇಳಿಯುತ್ತೆ" ಎಂದ ಕರ್ನಲ್.

"ಹಲ್ಲೂ ಕಟಗುಟ್ಟುತ್ತಾ?" ಎಂದ ಸ್ಕೋವಿಲ್.

"ಇಲ್ಲಿನ ನೀರಿಗೆ ಹಲ್ಲು ಬಲು ಗಟ್ಟಿ ಸ್ವಾಮಿ. ಅದಕ್ಕೇ ಸದ್ದು ಜಾಸ್ತಿ."

ಅಟ್ಟದ ಹಲಗೆಗಳು ಲಟಲಟ ಅಂದು ಸಾರಿನೊಳಗೆ ಹುಲ್ಲು ಉದುರಿತು. ಸ್ಕೋವಿಲ್ ತಲೆಯೆತ್ತಿದ. "ಇಲಿ. ನಮ್ಮೂರಲ್ಲಿ ಇಲಿಗಳೂ ಗಟ್ಟಿಮುಟ್ಟು" ಎಂದಳು ಹಲ್ಡಾ.

ಚಳಿ ಹೋಗಿ ಜ್ವರ ಏರಿದಾಗ ಕರ್ನಲ್ ಎಲ್ಕನಾನ ಗಲ್ಲ ಹಿಡಿದು, "ಈ ಕೆನ್ನೆಯ ಕೆಂಪು ನೋಡಿ!" ಎಂದ. ಜ್ವರ ಇಳಿದು ಬೆವರೊಡೆಯುವ ಹೊತ್ತಿಗೆ ಅವನನ್ನೇ ಗಾಡಿ ನೂಕಲು ಹಚ್ಚಿ, "ಎಂಥ ದುಡಿಮೆಗಾರ!" ಎಂದ. ಎಲ್ಕನಾ ಹೆಂಡತಿಯನ್ನು ನೆನೆದುಕೊಂಡು ಎಲ್ಲವನ್ನೂ ಸಹಿಸಿದ. ಸಂಜೆಗೆ ಗಾಡಿ ಕೆಸರಿನಿಂದ ಎದ್ದಿತು, ಅವನ ಮೈಯೂ ಹೂವಿನಷ್ಟು ಹಗುರಾಯಿತು. ಗೆದ್ದೆ ಎಂದುಕೊಂಡ.

ಸ್ಕೋವಿಲ್ ಗಾಡಿ ಹತ್ತಿ ಲಗಾಮು ಹಿಡಿದ. "ಊರು ಬಹಳ ಚೆನ್ನಾಗಿದೆ. ನನಗೆ ಆಗಿಬರಲ್ಲ."

"ಯಾಕೆ ಸ್ವಾಮಿ?" ಕರ್ನಲ್‌ನ ಮುಖ ಹುಳ್ಳಗಾಯಿತು.

"ನಾನು ಡಾಕ್ಟ್ರು. ಪೆಟ್ಟಿಗೆ ತುಂಬ ಚಳಿಜ್ವರದ ಔಷಧಿ ತಂದಿದೀನಿ. ಇಲ್ಲಿ ಕೂತು ಯಾರಿಗೆ ಕೊಡ್ಲಿ? ಹೊಳೆಯಾಚೆ ಟಿಬ್ಸ್‌ವಿಲ್‌ನಲ್ಲಿ ಜನ ಬೀದೀಲೇ ನಡುಗ್ತಿದಾರೆ."

ಎಲ್ಕನಾ ಗಾಡಿಯ ಚಕ್ರ ಹಿಡಿದುಕೊಂಡ. "ಅಯ್ಯೋ, ಮೊದಲೇ ಹೇಳಬಾರದಿತ್ತಾ?"

"ಹೇಳಿದ್ರೆ ನನ್ನ ಉಳಿಸ್ಕೊಳ್ಳೋಕೆ ಎಲ್ಲ ಊರಲ್ಲೂ ಇಲ್ಲದ ಕಾಯಿಲೆ ನಟಿಸ್ತಾರೆ. ಮಧ್ಯಾಹ್ನ ನಿಮಗೆ ನಿಜವಾಗ್ಲೂ ಚಳಿಜ್ವರ ಇರಬಹುದು ಅಂತ ಅನುಮಾನ ಬಂತು. ಎಲ್ಲಿ, ಕೈ ಕೊಡಿ." ನಾಡಿ ಹಿಡಿದು ನೋಡಿದ. "ಕುದುರೆ ಥರ ಇದೀರಿ."

"ಇಲ್ಲ ಸ್ವಾಮಿ, ನನಗೆ ಚಳಿಜ್ವರ! ನಮಗೆಲ್ಲ ಚಳಿಜ್ವರ!"

ಅಟ್ಟದವರೂ ದಡದಡ ಇಳಿದು ಬಂದರು. ಅವರ ಜ್ವರವೂ ಹೊತ್ತಿಗೆ ಸರಿಯಾಗಿ ಬಿಟ್ಟಿತ್ತು. ಊರಿಗೂರೇ ಗಾಡಿಯ ಸುತ್ತ ನಿಂತು ನಡುಗತೊಡಗಿತು, ಒಬ್ಬೊಬ್ಬರು ಒಂದೊಂದು ಥರ. ಕರ್ನಲ್ ಅಂತೂ ಒಂದು ಕಾಲು ಮಾತ್ರ ಅಲ್ಲಾಡಿಸಿದ.

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. "ನೋಡಿದ್ರಾ? ಡಾಕ್ಟ್ರು ಅಂದ ತಕ್ಷಣ ನೀವೂ ಶುರು ಹಚ್ಕೊಂಡ್ರಿ."

"ನಾಳಿದ್ದು ಬನ್ನಿ ಸ್ವಾಮಿ!" ಎಲ್ಕನಾ ಗಾಡಿಯ ಹಿಂದೆ ಓಡಿದ. "ಊಟದ ಹೊತ್ತಿಗೆ ಬನ್ನಿ, ನಿಜವಾಗ್ಲೂ ನಡುಗ್ತೀನಿ!"

"ಕಾಯಿಲೆಗೆ ಯಾರಾದ್ರೂ ಹೊತ್ತು ಗೊತ್ತುಮಾಡಿ ಕರೀತಾರೇನ್ರೀ?" ಎಂದು ಡಾಕ್ಟರು ಕುದುರೆ ಹೊಡೆದ.

ಗಾಡಿ ಕಣ್ಮರೆಯಾಯಿತು. ಆಮೇಲೆ ಇಡೀ ಊರು ಎಲ್ಕನಾನ ಕಡೆ ತಿರುಗಿತು.

"ಎಲ್ಲಾ ನಿನ್ನಿಂದಲೇ ಆಗಿದ್ದು" ಎಂದ ಕರ್ನಲ್. "ಎರಡು ವರ್ಷದಿಂದ ನಡುಗ್ತಿದೀಯ, ಇನ್ನೂ ಸರಿಯಾಗಿ ನಡುಗೋಕೆ ಬರಲ್ಲ ನಿನಗೆ!"