ಚಿಕ್ಕಮ್ಮನ ಕುರ್ಚಿಯಲ್ಲಿ ಜೀಪಿನ ತಲೆ

ನನ್ನ ಚಿಕ್ಕಮ್ಮ ಹಲ್ಲಿನ ಡಾಕ್ಟರು. ಕುಂದಾಪುರದ ಅರ್ಧ ಊರಿನ ದವಡೆ ಆಕೆಯ ಕೈಯಲ್ಲಿ ಹಾದುಹೋಗಿದೆ. ಆ ಕುರ್ಚಿಯಲ್ಲಿ ಮಲಗಿ ‘ಅಯ್ಯೋ’ ಎನ್ನದೆ ಎದ್ದುಹೋದ ರೋಗಿ ಇದುವರೆಗೆ ಒಬ್ಬನೇ ಒಬ್ಬ. ಅವನನ್ನು ಎತ್ತಿ ಮಲಗಿಸಲು ಇಬ್ಬರು ಬೇಕಾಯಿತು. ಬಾಯಿ ಎಂಟು, ಹಲ್ಲು ಒಂದೂ ಇಲ್ಲ! ಹೆದರಬೇಡಿ, ಅವನು ನಮ್ಮ ಚಿಕ್ಕಪ್ಪನ ಜೀಪಿನ ಸಿಲಿಂಡರ್ ಹೆಡ್ಡು. ಅಂದರೆ ಇಂಜಿನ್ನಿನ ತಲೆ.

ಚಿಕ್ಕಪ್ಪನದು ಗುಲ್ವಾಡಿಯಲ್ಲಿ ತೆಂಗಿನ ತೋಟ. ಅವರ ಜೀಪು ಮೊದಲಿನಿಂದಲೂ ಏದುಸಿರಿನದೇ. ಒಂದು ದಿನ ತೋಟದ ದಿಬ್ಬದ ನಡುವೆ ಕಾಯಿಯ ಹೊರೆ ಸಮೇತ ನಿಂತಿತು. ಕರಿಹೊಗೆ ಬಿಟ್ಟು, ಒಂದು ಸಲ ಕೆಮ್ಮಿ, ಹಿಂದಕ್ಕೆ ಜಾರಿತು. ಚಿಕ್ಕಪ್ಪ ಇಳಿದು, “ಇದ್ರ ಕತೆ ಮುಗೀತ್. ಗುಜ್ರಿಗೆ ಹಾಕುವ” ಎಂದರು.

“ಒಂದ್ ಸಲ ಬಿಚ್ಚಿ ಕಾಂಬ” ಎಂದರು ಚಿಕ್ಕಮ್ಮ.

“ಬಿಚ್ಚುಕೆ ನಿಂಗೆ ಗೊತ್ತಿತ್ತಾ?”

“ಬಿಚ್ಚಿರೆ ಗೊತ್ತಾತ್ತ್!”

ಈಕೆ ಅಲ್ಲಿಯತನಕ ಸೈಕಲ್ಲಿನ ಚೈನು ಕೂಡ ಮುಟ್ಟಿದವರಲ್ಲ. ಫೋನಿನಲ್ಲಿ ಯಾವುದೋ ದೇಶದ ಗಡ್ಡದವನೊಬ್ಬ ಇಂಜಿನ್ ಬಿಚ್ಚುವ ವಿಡಿಯೋ ಹಾಕಿಕೊಂಡು, ಅವನ ಎದುರೇ ಕೂತು ಕಲಿತರು. ಕಲಿಯುತ್ತ ಅವನಿಗೇ ಬೈದರು. “ಕಾಣ್ ಕಾಣ್, ಕೈಗೆ ಗ್ಲೌಸೇ ಹಾಕ್ಕಂಡಿಲ್ಲೆ!”

ಬ್ರಹ್ಮಾವರದಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡು ಸುಖವಾಗಿದ್ದ ನನ್ನನ್ನು ರಜೆಯಲ್ಲಿ ಕರೆಸಿಕೊಂಡು ಟಾರ್ಚ್ ಹಿಡಿಯುವ ಹುದ್ದೆ ಕೊಟ್ಟರು. ಕಾಯಿ ಕೊಟ್ಟಿಗೆಯಲ್ಲಿ ಸರಪಳಿ ಹಾಕಿ ಇಂಜಿನ್ನನ್ನು ಮೇಲೆತ್ತಿದೆವು. ಸವೆದ ರಿಂಗು, ಬೇರಿಂಗುಗಳಿಗೆ ಬದಲು ಹೊಸತು ಸಿಕ್ಕಿತು. ಅಷ್ಟಕ್ಕೇ ಮುಚ್ಚಿ ಮುಗಿಸಬಹುದಿತ್ತು. ಆದರೆ ಚಿಕ್ಕಮ್ಮ ಹೆಡ್ಡಿನೊಳಗೆ ತಮ್ಮ ಪುಟ್ಟ ಕನ್ನಡಿ ಹಾಕಿಬಿಟ್ಟರಲ್ಲ!

ಗಾಳಿ ಒಳಗೆ ಹೋಗಲು, ಹೊಗೆ ಹೊರಗೆ ಬರಲು ಹೆಡ್ಡಿನಲ್ಲಿ ಡೊಂಕಾದ ದಾರಿಗಳಿರುತ್ತವೆ. ಕಬ್ಬಿಣ ಎರಕ ಹೊಯ್ದಾಗಿನ ಗಂಟು, ದಡ್ಡು ಎಲ್ಲ ಅಲ್ಲೇ ಉಳಿದಿರುತ್ತದೆ. ಅದನ್ನು ಒಳಗಿಂದೊಳಗೇ ಉಜ್ಜಿ, ದಾರಿ ಅಗಲಿಸಿ ನುಣುಪು ಮಾಡುವುದಕ್ಕೆ ಪೋರ್ಟಿಂಗ್ ಎನ್ನುತ್ತಾರೆ. ರೇಸಿನವರು ಮಾಡಿಸುವ ಕೆಲಸವಂತೆ. ತೆಂಗಿನಕಾಯಿ ಹೊರುವ ಜೀಪಿಗೆ ಯಾಕೆ?

“ಪಾಪ, ಇದ್ಕೆ ಹುಟ್ಟಿದಾಗಿಂದ ಮೂಗ್ ಕಟ್ಟಿತ್” ಎಂದರು ಚಿಕ್ಕಮ್ಮ. ಅಷ್ಟೇ. ಹೆಡ್ಡು ಕುಂದಾಪುರಕ್ಕೆ ಹೋಯಿತು, ಕುರ್ಚಿ ಏರಿತು. ಅದರ ಎದೆಗೆ ರೋಗಿಗಳ ನೀಲಿ ಬಟ್ಟೆಯನ್ನೂ ಕಟ್ಟಿದರು!

ಆ ಭಾನುವಾರ ದವಾಖಾನೆಗೆ ರಜೆ. ಆದರೂ ಸಾಲಿಗ್ರಾಮದ ಹೋಟೆಲಿನವರೊಬ್ಬರು ಕೆನ್ನೆ ಹಿಡಿದುಕೊಂಡು ಬಾಗಿಲು ದೂಡಿ ಬಂದರು. ಒಳಗೆ ಚಿಕ್ಕಮ್ಮ ಮಾಸ್ಕು, ಕನ್ನಡಕ ಹಾಕಿಕೊಂಡು ಕುರ್ಚಿಯ ಮೇಲೆ ಬಗ್ಗಿದ್ದಾರೆ. ಕೈಯಲ್ಲಿ ಕಬ್ಬಿಣ ಉಜ್ಜುವ ಪುಟ್ಟ ಗ್ರೈಂಡರ್ ಕೊಯ್ಯೆನ್ನುತ್ತಿದೆ, ರೋಗಿಯ ಬಾಯಿಂದ ಕಿಡಿ ಹಾರುತ್ತಿದೆ!

“ಕೂಕಣಿ, ಇವಂದ್ ಈಗ ಮುಗೀತ್ತ್” ಎಂದರು ಚಿಕ್ಕಮ್ಮ, ತಿರುಗಿಯೂ ನೋಡದೆ.

“ಬ್ಯಾಡ ಡಾಕ್ಟ್ರೇ, ನಂದ್ ಆಗ್ಳೇ ಕಮ್ಮಿ ಆಯ್ತ್!” ಎಂಬ ದನಿ ಮೆಟ್ಟಿಲ ಕೆಳಗಿಂದ ಕೇಳಿಸಿತು.

ನಗು ಬಂತು, ನಿಜ. ಆದರೆ ಟಾರ್ಚ್ ಹಿಡಿದು ನಿಂತವನಿಗೆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಆಕೆಯ ಕೈಯನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದೇ ಇಲ್ಲ. ಹಿಂದೆಲ್ಲ ಆ ಕೈ ನನ್ನ ಬಾಯೊಳಗಿರುತ್ತಿತ್ತು, ನಾನು ಕಣ್ಣು ಮುಚ್ಚಿರುತ್ತಿದ್ದೆ. ಈಗ ಆಕೆ ಕಣ್ಣು ಮುಚ್ಚಿ ಕಿರುಬೆರಳನ್ನು ಆ ಕತ್ತಲೆ ದಾರಿಯೊಳಗೆ ಇಳಿಸುತ್ತಿದ್ದರು. “ಇಲ್ಲೊಂದ್ ಗುಳ್ಳೆ ಇತ್ತ್” ಎನ್ನುತ್ತಿದ್ದರು. ನಾನು ಕನ್ನಡಿ ಹಾಕಿ ಹುಡುಕಿದರೂ ನನಗೆ ಕಾಣದು. ಆಕೆ ಅಲ್ಲಿ ಒಂದು ಗಳಿಗೆ ಉಜ್ಜಿ, ಹಲ್ಲಿನ ಅಚ್ಚು ತೆಗೆಯುವ ಗುಲಾಬಿ ಹಿಟ್ಟು ಮೆತ್ತಿ ಎಳೆದರೆ, ದಾರಿಯ ಅಚ್ಚು ಮರಿ ಆನೆಯ ಸೊಂಡಿಲಿನ ಹಾಗೆ ಹೊರಗೆ ಬರುತ್ತಿತ್ತು. ಒಂದರ ಪಕ್ಕ ಒಂದನ್ನಿಟ್ಟು ನೋಡಿದರೆ ಎಲ್ಲ ಒಂದೇ ತಾಯಿಯ ಮಕ್ಕಳು! ಇದನ್ನು ಬರೀ ಬೆರಳಿನ ಅಂದಾಜಿನಲ್ಲಿ ಮಾಡಲು ಸಾಧ್ಯವೇ? ಕಣ್ಣಾರೆ ನೋಡದಿದ್ದರೆ ನಾನೂ ನಂಬುತ್ತಿರಲಿಲ್ಲ.

ಕೊನೆಯ ದಾರಿ ಉಜ್ಜುವಾಗ ಗ್ರೈಂಡರಿನ ಸ್ವರ ತಟಕ್ಕನೆ ಬದಲಾಯಿತು. ಚಿಕ್ಕಮ್ಮ ಕೈ ಎತ್ತಿದರು. ಈ ದಾರಿಗಳ ಗೋಡೆಯ ಆಚೆ ಇಂಜಿನ್ ತಣಿಸುವ ನೀರಿನ ಜಾಗ. ಗೋಡೆ ತೆಳುವಾಗಿ ಸಾಸಿವೆಯಷ್ಟು ತೂತು ಬಿದ್ದಿತ್ತು. ಇನ್ನು ನೀರು ಇಂಜಿನ್ನಿನೊಳಗೆ ಸೋರುತ್ತದೆ. ಆ ಮಾದರಿಯ ಹೆಡ್ಡು ಈಗ ಎಲ್ಲಿಯೂ ಸಿಗುವುದಿಲ್ಲ.

“ತೂತಾಯ್ತ್” ಎಂದರು. ಗ್ಲೌಸ್ ತೆಗೆದು ಕೈ ತೊಳೆದರು. ಮತ್ತೊಮ್ಮೆ ತೊಳೆದರು. “ಇದ್ ಮನ್ಷರ ಬಾಯಿ ಆಗಿದ್ರೆ…” ಎಂದು ಅರ್ಧಕ್ಕೇ ನಿಲ್ಲಿಸಿದರು. ಮನೆಗೆ ಬಂದವರು ಊಟಕ್ಕೆ ಏಳಲಿಲ್ಲ. ಚಿಕ್ಕಪ್ಪ ಬಳಿಗೆ ಹೋಗಿ, “ಹೋಯ್ಲಿ ಮಾರಾಯ್ತಿ. ಕಬ್ಬಿಣ ಅಲ್ದಾ?” ಎಂದು ಮೆಲ್ಲಗೆ ಹೇಳಿದರು. ಚಿಕ್ಕಮ್ಮ ಗೋಡೆಯ ಕಡೆ ತಿರುಗಿ ಮಲಗಿದರು.

ಬೆಳಿಗ್ಗೆ ನೋಡಿದರೆ ಸೀರೆ ಉಟ್ಟು, ಹೆಡ್ಡನ್ನು ಗೋಣಿಯಲ್ಲಿ ಸುತ್ತಿ, ರಿಕ್ಷಾದಲ್ಲಿ ಕೂತಾಗಿತ್ತು! ನನ್ನನ್ನೂ ಹತ್ತಿಸಿಕೊಂಡು ಹೋದದ್ದು ಗಂಗೊಳ್ಳಿಗೆ, ಬೋಟುಗಳ ಇಂಜಿನ್ ಬೆಸೆಯುವ ವೆಲ್ಡರ್ ಹತ್ತಿರ. ಆ ಮನುಷ್ಯ ಹುಳುಕು ದವಡೆ ಹಲ್ಲೊಂದನ್ನು ಇಟ್ಟುಕೊಂಡು ಚಿಕ್ಕಮ್ಮನಿಂದ ತಪ್ಪಿಸಿಕೊಂಡು ತಿರುಗುತ್ತಿದ್ದವನು. ಆಕೆಯನ್ನು ಕಂಡವನೇ ಬಾಯಿಗೆ ಕೈ ಅಡ್ಡ ಹಿಡಿದ.

“ಹೆಡ್ ಬೆಸುಗೆ ಮಾಡಿ ಕೊಡ್ತೆ. ಆದ್ರೆ ನೀವ್ ನನ್ನ ಬಾಯಿ ಕಾಂಬುಕಿಲ್ಲೆ, ಆತಾ?”

“ಆತ್” ಎಂದು ಚಿಕ್ಕಮ್ಮ ಒಪ್ಪಿದರು. ಹೆಡ್ಡನ್ನು ಕೆಂಡದಲ್ಲಿ ಕಾಯಿಸಿ, ತೂತು ಬೆಸೆದು, ಬಿರುಕು ಬಿಡದಿರಲೆಂದು ಬೂದಿಯಲ್ಲಿ ಹೂತು ನಿಧಾನ ತಣಿಯಲು ಬಿಟ್ಟಾಯಿತು. ಸುಮ್ಮನೆ ಕಾಯುವುದು ಯಾರಿಂದ ಆಗುತ್ತದೆ? ನಾನು ಚಹಾ ಕುಡಿದು ಬರುವಷ್ಟರಲ್ಲಿ ವೆಲ್ಡರ್ ಡಬ್ಬದ ಮೇಲೆ ಬಾಯಿ ಕಳೆದು ಕೂತಿದ್ದ. ಚಿಕ್ಕಮ್ಮ ಮೊಬೈಲಿನ ಬೆಳಕು ಬಿಟ್ಟು, “ನಾಳೆ ಬಪ್ಪದ್, ತಪ್ಪುಸುಕಿಲ್ಲೆ” ಎನ್ನುತ್ತಿದ್ದರು.

ಬೆಸುಗೆಯ ಗಂಟನ್ನು ಮತ್ತೆ ಉಜ್ಜಿ ನಯ ಮಾಡಬೇಕಿತ್ತು. ಎಲ್ಲಿ ತೂತಾಗಿತ್ತೋ ಅದೇ ಜಾಗದಲ್ಲಿ! ನಾನಾಗಿದ್ದರೆ ಆ ಗ್ರೈಂಡರನ್ನು ಪಂಚಗಂಗಾವಳಿ ಹೊಳೆಗೆ ಎಸೆದುಬಿಡುತ್ತಿದ್ದೆ. ಚಿಕ್ಕಮ್ಮ ಒಂದು ಉಸಿರು ಎಳೆದುಕೊಂಡು ಕೈ ಇಳಿಸಿದರು. ನಡುಗಿದ್ದು ನನ್ನ ಟಾರ್ಚು.

“ನಡುಗುದಿದ್ರೆ ಹೊರಗ್ ಹೋಯಿ ನಡುಗಿ ಬಾ!”

ಎಲ್ಲ ಜೋಡಿಸಿ, ಎಣ್ಣೆ, ನೀರು ಹಾಕಿ, ಚಿಕ್ಕಪ್ಪ ಕೀಲಿ ತಿರುಗಿಸಿದ ದಿನ ಕೊಟ್ಟಿಗೆಯ ಮೇಲಿನ ಕಾಗೆಗಳೆಲ್ಲ ಒಟ್ಟಿಗೇ ಎದ್ದವು. ಮೊದಲು ಬರೀ ಹೊಗೆ. ಆಮೇಲೆ ಒಂದು ಗುಡುಗು. ಆಮೇಲೆ… ಏನು ಹೇಳಲಿ? ಜೀಪು ಮೂಗು ಬಿಚ್ಚಿ ಉಸಿರಾಡಿತು! ನಾವು ಮೂವರೂ ಹತ್ತಿದೆವು. ದಿಬ್ಬವನ್ನು ಅದು ನಿಲ್ಲದೆ, ಕೆಮ್ಮದೆ, ಹೊಗೆ ಕಾರದೆ ಏರಿಬಿಟ್ಟಿತು. ಚಿಕ್ಕಪ್ಪ ಗಟ್ಟಿಯಾಗಿ ನಕ್ಕರು. ಚಿಕ್ಕಮ್ಮ ಮಾತ್ರ ಕಿವಿಗೊಟ್ಟು ಇಂಜಿನ್ನಿನ ಸದ್ದನ್ನೇ ಕೇಳುತ್ತಿದ್ದರು.

ದಿಬ್ಬದ ಮೇಲೆ, ರಸ್ತೆ ಸೇರುವ ಮೊದಲೇ ಚಿಕ್ಕಪ್ಪ ಜೀಪು ನಿಲ್ಲಿಸಿದರು. ಸ್ಟೇರಿಂಗಿನ ಮೇಲಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

“ಎಂತ ಆಯ್ತ್?” ಎಂದರು ಚಿಕ್ಕಮ್ಮ.

“ನಂಗೆ ಎಡದ್ ಕಣ್ಣ್ ಸಮ ಕಾಂತಿಲ್ಲೆ. ಬಲದ್ದೂ ಮಂಜಾತಿತ್ತ್. ಕಣ್ಣಿನ್ ಡಾಕ್ಟ್ರ್ ಇನ್ ಗಾಡಿ ಬಿಡುಕಾಗ ಅಂದ್ರ್. ನಿಂಗ್ ಹೇಳುಕೆ ಆಯ್ಲಿಲ್ಲೆ.”

ಚಿಕ್ಕಮ್ಮ ಕೆಳಗಿಳಿದರು. ಬಾನೆಟ್ಟಿನ ಎದುರಿನಿಂದ ಸುತ್ತಿ ಬಂದು ಚಿಕ್ಕಪ್ಪನ ಬಳಿ ನಿಂತರು.

“ಆಚೆಗ್ ಸರೀನಿ.”

“ನಿಂಗ್ ಬಿಡುಕೆ ಬತ್ತಿಲ್ಲೆ ಅಲ್ದಾ?”

“ಬತ್ತಿಲ್ಲೆ. ನೀವ್ ಹೇಳಿ ಕೊಡಿ. ಎಲ್ಲಿಗ್ ಹೋಯ್ಕ್, ಅದ್ ಹೇಳಿ.”

ಚಿಕ್ಕಪ್ಪ ಪಕ್ಕದ ಸೀಟಿಗೆ ಸರಿದರು. “ತ್ರಾಸಿಗೆ ಹೋಪ. ಕಾಂಬಷ್ಟ್ ದಿನ ಸಮುದ್ರ ಕಾಂಬ.”

ಚಿಕ್ಕಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಕೂತರು. ಗೇರ್ ಕೋಲಿನ ಗುಂಡಿನ ಮೇಲಿದ್ದ ಆಕೆಯ ಕೈ ಮೇಲೆ ಚಿಕ್ಕಪ್ಪ ತಮ್ಮ ಕೈಯಿಟ್ಟು ಮುಂದಕ್ಕೆ ದೂಡಿದರು. ಜೀಪು ಕಪ್ಪೆಯ ಹಾಗೆ ಒಂದು ಸಲ ಕುಪ್ಪಳಿಸಿ ನಿಂತಿತು. ಮತ್ತೆ ಹೊರಟಿತು, ಮತ್ತೆ ನಿಂತಿತು.

ಆ ದಿನ ನಾವು ತ್ರಾಸಿ ಮುಟ್ಟಲಿಲ್ಲ. ತೋಟದ ಬೇಲಿಯ ತನಕ ಹೋಗಿ ಬಂದದ್ದಷ್ಟೇ. ದಾರಿಯಲ್ಲಿ ಎಷ್ಟು ಸಲ ಜೀಪು ನಿಂತರೂ ಚಿಕ್ಕಪ್ಪ ಬೈಯಲಿಲ್ಲ. ಆಕೆಯ ಕೈ ಮೇಲಿದ್ದ ತಮ್ಮ ಕೈಯನ್ನೂ ತೆಗೆಯಲಿಲ್ಲ.